ಕಾಣದ ತಪ್ಪಿಗೆ ಹೊಣೆ ಯಾರು?

ಲಗ್ನದ ದಿನಗಳು ಬಂದವೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಫೋಟೊ ಸ್ಟುಡಿಯೊಗಳಲ್ಲಿ ಎಡಿಟಿಂಗ್ ಕೆಲಸ ಹಗಲು ರಾತ್ರಿ ನಡೆಯುತ್ತದೆ. ಮದುವೆಗಳ ಆರತಕ್ಷತೆ, ಧಾರೆ, ಮಾಂಗಲ್ಯಧಾರಣೆಗಳ ಜತೆಗೆ ಘಾಟಿ ಸುಬ್ರಹ್ಮಣ್ಯದ ಪುಷ್ಯ ಷಷ್ಠಿಯ ತೇರು, ಶಿವಗಂಗೆಯ ಸಂಕ್ರಾಂತಿಯ ಗಿರಿಜಾ ಕಲ್ಯಾಣ, ಹೊಸಕೋಟೆಯ ಕರಗ, ಹೀಗೆ ಒಂದಲ್ಲ ಒಂದು ಚಿತ್ರೀಕರಣ ಮೆಮೊರಿ ಕಾರ್ಡಿನಲ್ಲಿ ಬಂದು ಅದೇ ಮೇಜು ಸೇರುತ್ತದೆ. ಟೀಸರ್ ಮಾರನೆಯ ದಿನವೇ ವಾಟ್ಸ್‌ಆ್ಯಪ್‌ಗೆ ಬರಬೇಕು, ಪೂರ್ತಿ ವಿಡಿಯೊ ವಾರದೊಳಗೆ ಪೆನ್‌ಡ್ರೈವ್‌ನಲ್ಲಿ ಕೈಸೇರಬೇಕು ಎಂಬುದು ಮನೆಯವರ ಒತ್ತಾಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಕಂಪ್ಯೂಟರಿನಿಂದ ಇನ್ನಷ್ಟು ವೇಗ ಹಿಂಡಲು ಎಡಿಟರ್ ಅದರ ಮೂಲ ಸೆಟ್ಟಿಂಗುಗಳಿರುವ ಬಯೋಸ್ ತೆರೆದು ರ‍್ಯಾಮ್‌ನ ವೇಗ ಏರಿಸುತ್ತಾನೆ, ವೋಲ್ಟೇಜನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸುತ್ತಾನೆ. ಮೇಲ್ನೋಟಕ್ಕೆ ಇದು ಯಂತ್ರದ ವಿಚಾರ, ಅಷ್ಟೇ. ಆದರೆ ಈ ಸೆಟ್ಟಿಂಗಿನ ಒಳಗೆ ಧರ್ಮಚಿಂತನೆಯ ಬಹು ಹಳೆಯ ಪ್ರಶ್ನೆಯೊಂದು ಕುಳಿತಿದೆ. ನಂಬಿ ಕೊಟ್ಟ ವಸ್ತು ಕೊಟ್ಟವರಿಗೂ ಇಟ್ಟುಕೊಂಡವರಿಗೂ ಗೊತ್ತಾಗದ ಹಾಗೆ ಕೆಟ್ಟರೆ ಆ ತಪ್ಪು ಯಾರದು? ಕೆಡುಕಿನ ಉದ್ದೇಶವಿಲ್ಲದ, ಯಾರ ಕಣ್ಣಿಗೂ ಬೀಳದ ಹಾನಿ ತಪ್ಪೆನಿಸುತ್ತದೆಯೇ? ಎನಿಸುತ್ತದೆ ಎಂಬುದು ಈ ಲೇಖನದ ವಾದ. ಆ ತಪ್ಪನ್ನು ಅಳೆಯುವ ಗಜಕಡ್ಡಿ ಹಾನಿಯ ಗಾತ್ರವಲ್ಲ, ಕೆಲಸ ಮಾಡುವವನ ಎಚ್ಚರ ಎಂಬುದು ಅದರ ಮುಂದಿನ ಹೆಜ್ಜೆ.

ಮೊದಲು ಯಂತ್ರ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ನೋಡಬೇಕು. ರ‍್ಯಾಮ್‌ನ ಒಂದೊಂದು ಕೋಶದಲ್ಲಿ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಇರುತ್ತವೆ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಈ ರಚನೆಗೆ 1968ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಮೂಲ ವಿನ್ಯಾಸ ಅದೇ. ಕೆಪಾಸಿಟರಿನಲ್ಲಿ ವಿದ್ಯುದಂಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆ ವಿದ್ಯುದಂಶ ನಿಲ್ಲುವಂಥದ್ದಲ್ಲ, ಸದಾ ಸೋರುತ್ತಿರುತ್ತದೆ. ಹಾಗಾಗಿ ಡಿಡಿಆರ್4 ರ‍್ಯಾಮ್‌ನಲ್ಲಿ ಪ್ರತಿ ಕೋಶವನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ ಮತ್ತೆ ತುಂಬಲಾಗುತ್ತದೆ. ಕಂಪ್ಯೂಟರಿನ ನೆನಪೆಂದರೆ ಸೆಕೆಂಡಿಗೆ ಹತ್ತಾರು ಸಲ ನವೀಕರಿಸಿಕೊಳ್ಳುವ ನೆನಪು. ಇಷ್ಟರ ನಡುವೆಯೇ ಓದು ಬರಹವೂ ನಡೆಯಬೇಕು. ಡಿಡಿಆರ್4ಕ್ಕೆ ಜೆಡೆಕ್ ಎಂಬ ಮಾನಕ ಸಂಸ್ಥೆ ಗೊತ್ತುಮಾಡಿದ ವೋಲ್ಟೇಜ್ 1.2, ಡಿಡಿಆರ್5ಕ್ಕೆ 1.1. ಅಂಗಡಿಯಲ್ಲಿ 3200 ಅಥವಾ 3600 ಎಂದು ಬರೆದು ಮಾರುವ ಎಷ್ಟೋ ಡಿಡಿಆರ್4 ರ‍್ಯಾಮ್‌ಗಳು ಹಾಕಿದ ಕೂಡಲೇ ಓಡುವುದು 2133 ಅಥವಾ 2400ರಲ್ಲಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಪ್ರೊಫೈಲ್ ಆನ್ ಮಾಡಿದಾಗಲೇ ಪೆಟ್ಟಿಗೆಯ ಮೇಲಿನ ವೇಗ ಸಿಗುತ್ತದೆ, ವೋಲ್ಟೇಜ್ ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ. ವೇಗ ಹೆಚ್ಚಿದಂತೆ ಒಂದು, ಸೊನ್ನೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಸಿಗುವ ಕಾಲ ಕುಗ್ಗುತ್ತದೆ. ವೋಲ್ಟೇಜ್ ಏರಿಸುವುದು ಆ ಗುರುತನ್ನು ಮತ್ತೆ ಸ್ಪಷ್ಟ ಮಾಡಿಕೊಳ್ಳುವುದಕ್ಕೆ. ಆದರೆ ವೋಲ್ಟೇಜ್ ಏರಿದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಸೋರಿಕೆ ಹೆಚ್ಚುತ್ತದೆ. 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೋಶಗಳನ್ನು ಎರಡರಷ್ಟು ಸಲ ತುಂಬಬೇಕೆಂದು ಮಾನಕವೇ ಹೇಳುತ್ತದೆ. ಆದ್ದರಿಂದ ಪುಷ್ಯದ ಚಳಿಯಲ್ಲಿ ಸರಾಗವಾಗಿ ಓಡಿದ ಸೆಟ್ಟಿಂಗ್ ಯುಗಾದಿ ಕಳೆದ ಮೇಲಿನ ಲಗ್ನಗಳ ಕಾಲಕ್ಕೆ, ಗಾಳಿಯಾಡದ ಮಳಿಗೆಯಲ್ಲಿ, ತಪ್ಪಲು ಶುರುಮಾಡಬಹುದು. ಸೆಟ್ಟಿಂಗ್ ಬದಲಾಗಿರುವುದಿಲ್ಲ, ಸುತ್ತಲಿನ ಪರಿಸ್ಥಿತಿ ಬದಲಾಗಿರುತ್ತದೆ.

ಈ ಅಪಾಯಕ್ಕೆ ಪ್ರತಿಯಾಗಿ ಸಿಗುವ ಲಾಭವೆಷ್ಟು? 4ಕೆ ಚಿತ್ರದ ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಬಿಂದುಗಳು, ಒಟ್ಟು ಸುಮಾರು 83 ಲಕ್ಷ. ಬಣ್ಣ ತಿದ್ದುವಾಗ ಸಾಫ್ಟ್‌ವೇರ್ ಬಳಸುವ ಸೂಕ್ಷ್ಮ ಲೆಕ್ಕದಲ್ಲಿ ಬಿಂದುವಿಗೆ 16 ಬೈಟ್ ಹಿಡಿದರೂ ಒಂದು ಫ್ರೇಮ್ 133 ಮೆಗಾಬೈಟ್ ಆಗುತ್ತದೆ, ಸೆಕೆಂಡಿಗೆ 25 ಫ್ರೇಮಿನಂತೆ 3.3 ಗಿಗಾಬೈಟ್. ಅದನ್ನು ಒಮ್ಮೆ ಓದಿ ಒಮ್ಮೆ ಬರೆದರೆ 6.6 ಗಿಗಾಬೈಟ್. ಎರಡು ರ‍್ಯಾಮ್ ಕಡ್ಡಿಗಳು ಜೋಡಿಯಾಗಿ ದುಡಿಯುವಾಗ 2133ರ ವೇಗದಲ್ಲೇ ಸೆಕೆಂಡಿಗೆ 34 ಗಿಗಾಬೈಟ್ ಸಾಗಿಸಬಲ್ಲವು, 3200ರಲ್ಲಿ 51.2. ಮದುವೆ ವಿಡಿಯೊದ ಒಂದೆರಡು ಪದರಗಳ ಟೈಮ್‌ಲೈನಿಗೆ ಕಡಿಮೆಯ ವೇಗವೂ ಧಾರಾಳ. ಮೇಲಾಗಿ ಬಣ್ಣ, ಎಫೆಕ್ಟ್‌ಗಳ ಭಾರವನ್ನು ಹೆಚ್ಚಾಗಿ ಹೊರುವುದು ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ತನ್ನದೇ ಮೆಮೊರಿಯಿದೆ. ರೆಂಡರ್ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಪ್ರೊಸೆಸರ್ ಮತ್ತು ಎನ್‌ಕೋಡರ್. ರ‍್ಯಾಮ್‌ನ ವೇಗ ಏರಿಸಿದರೆ ಸಾಮಾನ್ಯ ಸಂಕಲನದಲ್ಲಿ ಸಿಗುವುದು ನೂರಕ್ಕೆ ಕೆಲವೇ ಪಾಲಿನ ಉಳಿತಾಯ. ಆದರೆ ಇರುವ 16 ಗಿಗಾಬೈಟ್ ರ‍್ಯಾಮ್ ತುಂಬಿ ಕಂಪ್ಯೂಟರ್ ಹಾರ್ಡ್‌ಡಿಸ್ಕಿನ ಮೊರೆ ಹೋಯಿತೆಂದರೆ ಕೆಲಸ ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ನಿಧಾನವಾಗುತ್ತದೆ. ಹಣ ಉಳಿಸಲು ಒಂದೇ ಕಡ್ಡಿ ಹಾಕಿದ ಕಂಪ್ಯೂಟರಿನಲ್ಲಿ ಸಾಗಣೆಯ ದಾರಿಯೇ ಅರ್ಧ. ಅಂಥಲ್ಲಿ ಇನ್ನೊಂದು ಕಡ್ಡಿ ಹಾಕಿದರೆ ವೋಲ್ಟೇಜ್ ಮುಟ್ಟದೆಯೇ ಆ ದಾರಿ ಇಮ್ಮಡಿಯಾಗುತ್ತದೆ, ಜಾಗವೂ ಹೆಚ್ಚುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿದ ಕಂಪ್ಯೂಟರುಗಳಲ್ಲಿ ಮಾತ್ರ ರ‍್ಯಾಮ್‌ನ ವೇಗ ಎದ್ದು ಕಾಣುವ ವ್ಯತ್ಯಾಸ ಮಾಡುತ್ತದೆ. ಅದನ್ನು ಒಪ್ಪಲೇಬೇಕು. ವೇಗದ ಆಸೆಯೇ ತಪ್ಪೆಂದು ಇಲ್ಲಿ ಯಾರೂ ಹೇಳುತ್ತಿಲ್ಲ.

ಇನ್ನು ಅಪಾಯದ ಬದಿ. ರ‍್ಯಾಮ್‌ನ ಒಂದು ಕೋಶ ಒಂದನ್ನು ಸೊನ್ನೆಯೆಂದು ಹೇಳಿದರೆ ಸಂಕಲನದಲ್ಲಿ ಏನಾಗುತ್ತದೆ ಎಂಬುದು ಆ ಕೋಶದಲ್ಲಿ ಏನಿತ್ತು ಎಂಬುದರ ಮೇಲೆ ನಿಂತಿದೆ. ಅದು ಬಿಡಿಸಿಟ್ಟ ಫ್ರೇಮಿನ ಒಂದು ಬಿಂದುವಾಗಿದ್ದರೆ ಆ ಬಿಂದುವಿನ ಬಣ್ಣ ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲು ತಪ್ಪಾಗಿ ಮಾಯವಾಗುತ್ತದೆ, ಯಾರಿಗೂ ಕಾಣದು. ಅದು ಅಡಕಗೊಳಿಸಿದ ಎಚ್.264 ದತ್ತಾಂಶವಾಗಿದ್ದರೆ ಕಥೆ ಬೇರೆ. ಈ ವಿಧಾನದಲ್ಲಿ ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ದಾಖಲಿಸುತ್ತಾರೆ. ಹಾಗಾಗಿ ಒಂದು ಬಿಟ್, ಎಂದರೆ ಒಂದು ಅಥವಾ ಸೊನ್ನೆಯ ಒಂದು ಅಂಕೆ, ತಪ್ಪಿದರೆ ಮುಂದಿನ ಪೂರ್ಣ ಫ್ರೇಮ್ ಬರುವವರೆಗೂ ತಪ್ಪು ಹರಡುತ್ತಾ ಹೋಗಿ ಹಾರ ಬದಲಿಸುವ ಕೈಗಳು ಚೌಕಚೌಕವಾಗಿ ಒಡೆಯುತ್ತವೆ. ಮೂರನೆಯದು, ಕೆಟ್ಟದ್ದು ಸಾಫ್ಟ್‌ವೇರಿನ ಸೂಚನೆಯೇ ಆಗಿದ್ದರೆ ಎಡಿಯಸ್ಸೋ ಪ್ರೀಮಿಯರೋ, ಬಳಸುತ್ತಿರುವ ಎಡಿಟಿಂಗ್ ತಂತ್ರಾಂಶ ಥಟ್ಟನೆ ಮುಚ್ಚಿಹೋಗುತ್ತದೆ. ಎಡಿಟರನಿಗೆ ಸಿಟ್ಟು ಬರುತ್ತದೆ, ಆದರೆ ತಪ್ಪು ತನ್ನನ್ನು ತಾನೇ ಹೇಳಿಕೊಂಡಿತಲ್ಲ! ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು. ಕಾರ್ಡಿನಿಂದ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡುವಾಗಲೂ ದತ್ತಾಂಶ ರ‍್ಯಾಮ್ ಹಾದೇ ಹೋಗುತ್ತದೆ. ಅಲ್ಲಿ ಬಿಟ್ ತಿರುಗಿದರೆ ಕಾಪಿಯೇ ತಪ್ಪು. ‘ಕಾಪಿ ಮುಗಿಯಿತು’ ಎಂದು ಪರದೆ ಹೇಳುತ್ತದೆ, ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಮರುದಿನದ ಮದುವೆಗೆ ಒಯ್ಯಲಾಗುತ್ತದೆ, ಮೂಲವೇ ಉಳಿಯುವುದಿಲ್ಲ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ಎಳೆ ಕಡಿದರೆ ಸೀರೆಯ ಮೇಲೆ ಕಾಣುತ್ತದೆ, ನೇಕಾರ ನಿಲ್ಲಿಸಿ ಗಂಟು ಹಾಕುತ್ತಾನೆ. ಇಲ್ಲಿ ಕಡಿದ ಎಳೆ ಕಾಣುವುದೇ ಇಲ್ಲ. ನಮ್ಮ ಪ್ರಶ್ನೆಗೆ ಮೊನಚು ಬರುವುದು ಇಲ್ಲೇ: ಸದ್ದು ಮಾಡುವ ತಪ್ಪು ದುರಸ್ತಿಯ ವಿಷಯ, ಸದ್ದಿಲ್ಲದ ತಪ್ಪು ಧರ್ಮದ ವಿಷಯ.

ಇದು ಕಲ್ಪನೆಯ ಭಯವೇ ಎಂದು ಕೇಳುವವರಿಗೆ ಬೆಲ್ಜಿಯಂನ ಸ್ಕಾರ್‌ಬೀಕ್ ಎಂಬ ಊರಿನ ಪ್ರಸಂಗ ಉತ್ತರ. 2003ರ ಮೇ 18ರ ಚುನಾವಣೆಯಲ್ಲಿ ಅಲ್ಲಿನ ಅಭ್ಯರ್ಥಿಯೊಬ್ಬರಿಗೆ ಮತಯಂತ್ರ ಸರಿಯಾಗಿ 4096 ಮತ ಹೆಚ್ಚಿಗೆ ತೋರಿಸಿತು. 4096 ಎಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದ ಸಂಖ್ಯೆ, ಅಂದರೆ ಹದಿಮೂರನೆಯ ಬಿಟ್ ಒಂದೇ ಒಂದು ಸೊನ್ನೆಯಿಂದ ಒಂದಕ್ಕೆ ತಿರುಗಿತ್ತು. ತಂತ್ರಾಂಶದಲ್ಲಿ ದೋಷ ಸಿಗಲಿಲ್ಲ, ಬಾಹ್ಯಾಕಾಶದ ಕಿರಣವೊಂದು ತಾಗಿರಬಹುದೆಂದು ತಜ್ಞರು ಊಹಿಸಿದರು. ತಪ್ಪು ಸಿಕ್ಕಿಬಿದ್ದದ್ದು ಬಂದ ಅಂಕಿ ಅಸಾಧ್ಯವಾಗಿದ್ದರಿಂದ. ಐದನೆಯ ಬಿಟ್ ತಿರುಗಿ ಹದಿನಾರೇ ಮತ ಹೆಚ್ಚಾಗಿದ್ದರೆ ಯಾರು ಗಮನಿಸುತ್ತಿದ್ದರು? ಅದಕ್ಕೂ ಮೊದಲು, 1978ರಲ್ಲಿ, ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ಚಿಪ್ಪಿನ ಹೊದಿಕೆಯಲ್ಲಿದ್ದ ವಿಕಿರಣಶೀಲ ಅಂಶದ ಕಣಗಳೇ ಬಿಟ್ ತಿರುಗಿಸುತ್ತವೆಂದು ತೋರಿಸಿದ್ದರು. 2009ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಸಂಶೋಧಕರು ಆ ಕಂಪನಿಯ ಸರ್ವರುಗಳನ್ನು ಎರಡೂವರೆ ವರ್ಷ ಅಧ್ಯಯನ ಮಾಡಿ ಪ್ರಕಟಿಸಿದ ಲೆಕ್ಕದಂತೆ ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ರ‍್ಯಾಮ್ ಕಡ್ಡಿಗಳು ತಪ್ಪು ತೋರಿದ್ದವು. ಅದರಲ್ಲಿ ಹೆಚ್ಚಿನ ಪಾಲು ಆಕಾಶದಿಂದ ಬಿದ್ದ ಆಕಸ್ಮಿಕಗಳಲ್ಲ, ಕಡ್ಡಿಯದೇ ದೋಷಗಳು ಎಂಬ ಕಡೆಗೆ ಅವರ ತೀರ್ಮಾನ ವಾಲಿತ್ತು. ಆ ಸರ್ವರುಗಳಲ್ಲಿ ತಪ್ಪು ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಇತ್ತು. ನಮ್ಮ ಸ್ಟುಡಿಯೊಗಳ ಸಾಮಾನ್ಯ ಕಂಪ್ಯೂಟರುಗಳಲ್ಲಿ ಆ ಕಾವಲುಗಾರ ಇರುವುದಿಲ್ಲ.

ಇಲ್ಲಿ ಕರ್ನಾಟಕದ್ದೇ ಆದ ಒಂದು ಬೌದ್ಧಿಕ ಆಸ್ತಿ ನೆರವಿಗೆ ಬರುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವಿಚಾರದಲ್ಲಿ ಆ ಗ್ರಂಥದ ಹೆಸರು ಎಲ್ಲರಿಗೂ ಗೊತ್ತು. ಅದರಲ್ಲಿ ನಿಕ್ಷೇಪದ, ಅಂದರೆ ನಂಬಿ ಇಟ್ಟ ವಸ್ತುವಿನ, ವಿಚಾರವೂ ಇದೆ. ಪೆಟ್ಟಿಗೆಯೊಳಗಿಟ್ಟು, ಒಳಗೇನಿದೆ ಎಂದು ಹೇಳದೆ, ಇನ್ನೊಬ್ಬರ ಕೈಗೆ ಕೊಟ್ಟ ವಸ್ತುವನ್ನು ಅದು ಹೇಗಿತ್ತೋ ಹಾಗೆಯೇ ಹಿಂತಿರುಗಿಸಬೇಕು ಎಂಬುದು ಮೂಲ ನಿಯಮ. ರಾಜ, ದೈವ, ಕಳ್ಳ ಈ ಮೂವರಿಂದ ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ. ತನ್ನ ಇಷ್ಟದಂತೆ ಅದನ್ನು ಬಳಸಿಕೊಂಡು ಬದುಕಿದರೆ ದಂಡವೂ ಉಂಟು, ಬಡ್ಡಿಯೊಡನೆ ಮರಳಿಸುವ ಹೊಣೆಯೂ ಉಂಟು. ಧರ್ಮಶಾಸ್ತ್ರಕಾರರು ಮತ್ತೆ ಮತ್ತೆ ಎತ್ತಿಕೊಳ್ಳುವ ಕಾತ್ಯಾಯನನ ವಿಂಗಡಣೆ ಇನ್ನೂ ಸೂಕ್ಷ್ಮ. ಉಪಯೋಗಿಸಿ ಕಳೆದದ್ದಕ್ಕೆ ಬಡ್ಡಿ ಸಮೇತ, ಉಪೇಕ್ಷೆಯಿಂದ ಕಳೆದದ್ದಕ್ಕೆ ಸಮನಾಗಿ, ಅರಿಯದೆ ಹಾಳಾದದ್ದಕ್ಕೆ ಸ್ವಲ್ಪ ಕಡಿಮೆ. ಗಮನಿಸಬೇಕಾದದ್ದು ಕೊನೆಯ ಮಾತನ್ನು: ಅಜ್ಞಾನಕ್ಕೆ ರಿಯಾಯಿತಿಯಿದೆ, ಪೂರ್ತಿ ಮಾಫಿ ಇಲ್ಲ. ಸ್ಮೃತಿಗಳಲ್ಲಿ ಜಾತಿಗೊಂದು ನ್ಯಾಯ ಹೇಳಿ ಮನುಷ್ಯರನ್ನು ಮೇಲುಕೀಳು ಮಾಡಿದ ಭಾಗಗಳಿವೆ, ಅವನ್ನು ತಿರಸ್ಕರಿಸಲೇಬೇಕು. ಆದರೆ ನಂಬಿ ಕೊಟ್ಟದ್ದನ್ನು ಕಾಯುವ ಈ ತತ್ವಕ್ಕೆ ಜಾತಿಯ ಆಧಾರ ಬೇಕಿಲ್ಲ, ಅದು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ.

ಮೆಮೊರಿ ಕಾರ್ಡ್ ಅಂಥದೇ ಮುಚ್ಚಿದ ಪೆಟ್ಟಿಗೆ. ಅದರೊಳಗೆ ಎಷ್ಟು ತುಣುಕುಗಳಿವೆ, ಯಾವುದರಲ್ಲಿ ಅಜ್ಜಿಯ ಮುಖವಿದೆ ಎಂಬುದು ಮದುಮಗಳ ತಂದೆಗೆ ಗೊತ್ತಿಲ್ಲ, ಕಾರ್ಡ್ ತೆಗೆದುಕೊಂಡ ಎಡಿಟರನಿಗೂ ಗೊತ್ತಿಲ್ಲ. ಮುಹೂರ್ತ ಒಮ್ಮೆ ಮಾತ್ರ ಬರುತ್ತದೆ, ಧಾರೆಯನ್ನು ಕ್ಯಾಮೆರಾಕ್ಕಾಗಿ ಎರಡನೆಯ ಸಲ ಎರೆಯಲಾಗುವುದಿಲ್ಲ. ಬಾಹ್ಯಾಕಾಶದ ಕಿರಣ ತಾಗಿ ಬಿಟ್ ತಿರುಗಿದರೆ ಅದನ್ನು ದೈವದ ಲೆಕ್ಕಕ್ಕೆ ಬರೆಯಬಹುದು. ಮಾನಕದ ಗಡಿ ದಾಟಿ ವೇಗ ಏರಿಸಿ, ಪರೀಕ್ಷಿಸದೆ, ಅದೇ ಯಂತ್ರದಲ್ಲಿ ಪರರ ವಸ್ತುವನ್ನು ಹಾಯಿಸಿದಾಗ ತಿರುಗಿದ ಬಿಟ್ಟಿಗೆ ದೈವವನ್ನು ಕರೆಯುವುದು ನ್ಯಾಯವಲ್ಲ. ಆಯ್ಕೆ ಮಾಡಿದವನು ಮನುಷ್ಯ, ಲಾಭವೂ ಅವನದೇ. ಎರಡೂ ಬಗೆಯ ತಪ್ಪುಗಳು ಫೈಲಿನಲ್ಲಿ ಒಂದೇ ತೆರನಾಗಿ ಕಾಣಬಹುದು, ಅವನ್ನು ಬೇರ್ಪಡಿಸುವ ಉಪಕರಣ ಯಾರಲ್ಲೂ ಇಲ್ಲದಿರಬಹುದು. ಹಾಗೆಂದು ಅವೆರಡೂ ಒಂದೇ ಆಗುವುದಿಲ್ಲ. ಸಾಬೀತು ಮಾಡಲಾಗದ ತಪ್ಪು ನ್ಯಾಯಾಲಯದಲ್ಲಿ ಪಾರಾಗಬಹುದು, ಅಂತಃಸಾಕ್ಷಿಯ ಎದುರು ಆ ಅನುಕೂಲವಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಹೀಗಿರಬಹುದು. ನಿಕ್ಷೇಪ ಎಂದರೆ ಕಾಯಲು ಕೊಟ್ಟದ್ದು, ಎಡಿಟರನಿಗೆ ಕೊಟ್ಟದ್ದು ಬದಲಾಯಿಸಲು. ಕತ್ತರಿಸುವುದು, ಬಣ್ಣ ಏರಿಸುವುದು, ಹಾಡು ಸೇರಿಸುವುದು ಅವನ ಕೆಲಸವಾಗಿರುವಾಗ ‘ಹಾಗೆಯೇ ಹಿಂತಿರುಗಿಸು’ ಎಂಬ ನಿಯಮ ಹೇಗೆ ಅನ್ವಯವಾದೀತು? ಸ್ಮೃತಿಕಾರರು ಇದನ್ನೂ ಮರೆತಿಲ್ಲ. ಶಿಲ್ಪಿಗೆ, ಅಂದರೆ ಕುಶಲಕರ್ಮಿಗೆ, ಕೆಲಸಕ್ಕೆಂದು ಕೊಟ್ಟ ವಸ್ತುವಿಗೂ ನಿಕ್ಷೇಪದ ನಿಯಮವೇ ಸಲ್ಲುತ್ತದೆ ಎಂದು ನಾರದಸ್ಮೃತಿ ಹೇಳುತ್ತದೆ. ಅಕ್ಕಸಾಲಿಗನಿಗೆ ಕೊಟ್ಟ ಚಿನ್ನ ಓಲೆಯಾಗಬಹುದು, ಸರವಾಗಬಹುದು. ಕೊಟ್ಟವರು ಕೇಳಿದ್ದು ಆ ರೂಪಾಂತರವನ್ನೇ. ಆದರೆ ಚಿನ್ನದ ಬಣ್ಣ ತೂಕಗಳಿಗೆ ಅವನು ಹೊಣೆ. ಕೇಳಿ ಮಾಡಿಸಿದ ಬದಲಾವಣೆ ಕೆಲಸ, ಕೇಳದೆ ಆದ ಬದಲಾವಣೆ ನಷ್ಟ. ತಾಳಿ ಕಟ್ಟುವ ದೃಶ್ಯವನ್ನು ನಿಧಾನಗತಿಗೆ ತರುವುದು ಮೊದಲನೆಯದು, ಅದೇ ದೃಶ್ಯದ ಮೂಲ ಫೈಲ್ ಕಾಪಿಯಲ್ಲಿ ಕೆಡುವುದು ಎರಡನೆಯದು. ಸಂಕಲನದ ಸ್ವಾತಂತ್ರ್ಯಕ್ಕೂ ಮೂಲದ ಪಾವಿತ್ರ್ಯಕ್ಕೂ ಜಗಳವಿಲ್ಲ. ಮೂಲ ಸುರಕ್ಷಿತವಾಗಿದ್ದರೆ ತಾನೇ ಸಂಕಲನಕಾರ ಎಷ್ಟು ಬೇಕಾದರೂ ಧೈರ್ಯವಾಗಿ ಪ್ರಯೋಗ ಮಾಡಬಹುದು!

ಎರಡನೆಯ ಆಕ್ಷೇಪ ಹೆಚ್ಚು ಆಳದ್ದು. ಯಾರಿಗೂ ಗೊತ್ತಾಗದ, ಎಷ್ಟೋ ಸಲ ಏನೂ ಹಾಳಾಗದ ಕಡೆ ತಪ್ಪೆಲ್ಲಿ ಬಂತು? ವೇಗ ಏರಿಸಿಯೂ ನೂರು ಮದುವೆಗಳು ಸರಿಯಾಗಿ ಹೊರಬಂದಿದ್ದರೆ ಆ ಎಡಿಟರ್ ನಿರ್ದೋಷಿಯಲ್ಲವೇ? ಈ ನಾಡಿನಲ್ಲಿ ಗಟ್ಟಿಯಾಗಿ ಬೇರೂರಿದ ಜೈನ ಚಿಂತನೆ ಇದಕ್ಕೆ ಕೊಟ್ಟ ಉತ್ತರ ಅಸಾಧಾರಣವಾದದ್ದು. ಉಮಾಸ್ವಾತಿಯ ತತ್ವಾರ್ಥಸೂತ್ರ ಹಿಂಸೆಯ ವ್ಯಾಖ್ಯೆಯೊಳಗೇ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಸೇರಿಸುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಅದನ್ನು ಕೊನೆಯ ತುದಿಗೆ ಒಯ್ಯುತ್ತಾರೆ: ನೋಡದೆ ಕಾಲಿಟ್ಟವನ ಪಾದದಡಿ ಜೀವಿ ಸಾಯದಿದ್ದರೂ ಅವನು ಹಿಂಸೆಗೆ ಹೊರತಲ್ಲ, ನೋಡಿ ನಡೆಯುವ ಯತಿಯ ಪಾದದಡಿ ಹುಳು ಸತ್ತರೂ ಅದರಿಂದಷ್ಟೇ ಅವನಿಗೆ ಕರ್ಮಬಂಧವಿಲ್ಲ ಎಂಬುದು ಅವರ ನಿಲುವಿನ ತಾತ್ಪರ್ಯ. ಫಲದಿಂದ ತಪ್ಪನ್ನು ಅಳೆದರೆ ಅದೃಷ್ಟವಂತನೇ ಸಜ್ಜನನಾಗಿಬಿಡುತ್ತಾನೆ. ಒಂದೇ ಬಗೆಯ ಸೆಟ್ಟಿಂಗ್, ಒಂದೇ ಬಗೆಯ ಅಸಡ್ಡೆ. ಒಬ್ಬನ ಕಡ್ಡಿ ಗಟ್ಟಿ, ಇನ್ನೊಬ್ಬನದು ಸಡಿಲ. ಹಾಳಾದ ಮೇಲೆ ಮಾತ್ರ ಎರಡನೆಯವನನ್ನು ದೂರಿ ಮೊದಲನೆಯವನನ್ನು ಹೊಗಳುವುದು ಸಿಲಿಕಾನಿನ ಗುಣವನ್ನು ಮನುಷ್ಯನ ಗುಣವೆಂದು ಎಣಿಸಿದಂತೆ. ಇದೇ ತತ್ವದ ಇನ್ನೊಂದು ಮುಖ ಎಡಿಟರನಿಗೆ ಅಭಯವನ್ನೂ ಕೊಡುತ್ತದೆ. ಮಾಡಬೇಕಾದ ಎಚ್ಚರವನ್ನೆಲ್ಲ ಮಾಡಿದ ಮೇಲೂ ಫೈಲ್ ಕೆಟ್ಟರೆ ಅವನು ಕೊರಗಿ ಸಾಯಬೇಕಿಲ್ಲ. ಎಚ್ಚರ ಅವನ ಪಾಲು, ಉಳಿದದ್ದು ಅವನ ಕೈ ಮೀರಿದ್ದು.

ಮೂರನೆಯ ಆಕ್ಷೇಪ ಹೊಟ್ಟೆಪಾಡಿನದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ತಾಲ್ಲೂಕು ಊರಿನ ಸ್ಟುಡಿಯೊ ನಡೆಸುವವನಿಗೆ ಕಾಲವೇ ಕೂಲಿ. ಒಂದು ರೆಂಡರ್ ಬೇಗ ಮುಗಿದರೆ ಇನ್ನೊಂದು ಕೆಲಸ ಹಿಡಿಯಬಹುದು, ಸಾಲದ ಕಂತು ಕಟ್ಟಬಹುದು. ಅಂಥವನಿಗೆ ಧರ್ಮಸೂಕ್ಷ್ಮ ಬೋಧಿಸುವುದು ಹೊಟ್ಟೆ ತುಂಬಿದವರ ಮಾತಾಗದೇ? ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನ ಬಳಿಕ ಕೆಲವೇ ದಶಕಗಳಲ್ಲಿ, ದುಡಿಯುವವರೇ ಕಟ್ಟಿದ ಶರಣರ ಚಳವಳಿ ಈ ಪ್ರಶ್ನೆಯನ್ನು ದುಡಿಯುವವರ ಕಡೆಯಿಂದಲೇ ಎತ್ತಿಕೊಂಡಿತು. ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಅವನ ಹೆಂಡತಿ ಲಕ್ಕಮ್ಮ. ಅವರಿಗಿಂತ ಬಡವರು ಯಾರಿದ್ದರು? ಬಡತನ ಎಚ್ಚರವನ್ನು ಬಿಡಲು ಕಾರಣವಾಗುತ್ತದೆಂದು ಆಕೆ ಒಪ್ಪಲಿಲ್ಲ, ಬೇಕಾದಷ್ಟು ಎಂಬುದಕ್ಕೂ ಸಿಕ್ಕಷ್ಟು ಎಂಬುದಕ್ಕೂ ನಡುವೆ ಗೆರೆ ಎಳೆದಳು. ಆ ಗೆರೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಟೈಮ್‌ಲೈನ್ ತಡವರಿಸುತ್ತಿದ್ದರೆ ಅದಕ್ಕೆ ಬೇಕಾದದ್ದು ಬಹುಪಾಲು ಇನ್ನೊಂದು ಕಡ್ಡಿ, ಒಂದು ಒಳ್ಳೆಯ ಎಸ್‌ಎಸ್‌ಡಿ, ಅಥವಾ 4ಕೆ ಫೈಲುಗಳ ಬದಲು ಸಂಕಲನಕ್ಕೆ ಪ್ರಾಕ್ಸಿ ಎಂಬ ಹಗುರ ನಕಲುಗಳನ್ನು ಬಳಸುವ ರೂಢಿ. ಇವು ನಿಜವಾದ ಅಗತ್ಯ ತೀರಿಸುತ್ತವೆ. ವೋಲ್ಟೇಜ್ ಏರಿಸಿ ಗಳಿಸುವ ಕೊನೆಯ ನೂರಕ್ಕೆ ಮೂರು ನಾಲ್ಕು ಪಾಲು ಹಲವೆಡೆ ಸಿಕ್ಕಷ್ಟು ಬಾಚಿಕೊಳ್ಳುವ ಆಸೆ. ಒಂದು ಮದುವೆಯ ಮೂಲವೇ ಕಳೆದುಹೋದರೆ ಆ ಸ್ಟುಡಿಯೊ ಊರಿನಲ್ಲಿ ಕಳೆದುಕೊಳ್ಳುವ ಹೆಸರನ್ನು ಅಂಥ ಎಷ್ಟು ನಿಮಿಷಗಳ ಉಳಿತಾಯ ತುಂಬಿಕೊಟ್ಟೀತು?

ಕಂಪನಿಯೇ ಪ್ರೊಫೈಲ್ ಕೊಟ್ಟಿರುವಾಗ ಹೊಣೆ ಕಂಪನಿಯದಲ್ಲವೇ ಎಂಬುದು ನಾಲ್ಕನೆಯ ಆಕ್ಷೇಪ. ರ‍್ಯಾಮ್ ತಯಾರಕರು ತಮ್ಮ ಕಡ್ಡಿ ಆ ವೇಗಕ್ಕೆ ಒಗ್ಗುತ್ತದೆ ಎನ್ನುತ್ತಾರೆ. ಆದರೆ ಆ ವೇಗ ತಡೆದುಕೊಳ್ಳಬೇಕಾದದ್ದು ಕಡ್ಡಿಯೊಂದೇ ಅಲ್ಲ, ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರ್ ಮತ್ತು ಮದರ್‌ಬೋರ್ಡಿನ ದಾರಿಗಳು ಕೂಡ. ಪ್ರೊಸೆಸರ್ ತಯಾರಕರಾದ ಇಂಟೆಲ್, ಎಎಂಡಿ ಎರಡೂ ಇಂಥ ಪ್ರೊಫೈಲುಗಳನ್ನು ನಿಗದಿ ಮಿತಿಯ ಆಚೆಗಿನ ಬಳಕೆಯೆಂದೇ ಪರಿಗಣಿಸಿ, ವಾರಂಟಿಗೆ ತೊಂದರೆಯಾಗಬಹುದೆಂದು ಎಚ್ಚರಿಸುತ್ತವೆ. 2023ರ ಏಪ್ರಿಲ್‌ನಲ್ಲಿ ಎಎಂಡಿಯ ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಸುಟ್ಟುಹೋದ ವರದಿಗಳು ಬಂದವು. ಡಿಡಿಆರ್5ರ ಎಕ್ಸ್‌ಪೋ ಪ್ರೊಫೈಲ್ ಆನ್ ಮಾಡಿದಾಗ ಕೆಲವು ಮದರ್‌ಬೋರ್ಡುಗಳು ಪ್ರೊಸೆಸರಿನ ಒಂದು ಭಾಗಕ್ಕೆ ಅತಿಯಾದ ವೋಲ್ಟೇಜ್ ಕೊಡುತ್ತಿದ್ದುದು ಕಾರಣವೆಂದು ತಿಳಿದು, ಆ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸುವ ಬಯೋಸ್ ಬಂತು. ಒಂದೇ ಗುಂಡಿಯ ಹಿಂದೆ ಎಷ್ಟು ಜನರ ನಿರ್ಧಾರಗಳು ಸೇರಿರುತ್ತವೆ ಎಂಬುದಕ್ಕೆ ಇದು ನಿದರ್ಶನ. ಹೊಣೆ ಹಂಚಿಹೋಗಿದೆ ನಿಜ. ಆದರೆ ಹಂಚಿದ ಮಾತ್ರಕ್ಕೆ ಹೊಣೆ ಇಲ್ಲವಾಗುವುದಿಲ್ಲ. ಕಾರ್ಡನ್ನು ಕೈಯಾರೆ ಪಡೆದವನು ಎಡಿಟರ್, ಮನೆಯವರು ನಂಬಿದ್ದು ಅವನನ್ನು. ತೈವಾನಿನ ಮದರ್‌ಬೋರ್ಡ್ ಕಂಪನಿ ಅವರ ಪಾಲಿಗೆ ಇಲ್ಲವೇ ಇಲ್ಲ.

ಕೊನೆಯ ಆಕ್ಷೇಪ ತರ್ಕದ್ದು. ಪರೀಕ್ಷಿಸು ಎನ್ನುತ್ತೀರಿ, ಆದರೆ ಎಷ್ಟು ಪರೀಕ್ಷಿಸಿದರೂ ತಪ್ಪಿಲ್ಲವೆಂದು ಸಿದ್ಧವಾಗುವುದಿಲ್ಲ, ಇಂದಿನವರೆಗೆ ಸಿಕ್ಕಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಹಾಗಾದರೆ ಎಚ್ಚರಕ್ಕೆ ಕೊನೆಯೆಲ್ಲಿ? ಮಾತು ಸರಿ. ಆದರೆ ಪೂರ್ಣ ನಿಶ್ಚಯ ಸಿಗದು ಎಂಬುದರಿಂದ ಎಲ್ಲ ಅನಿಶ್ಚಯಗಳೂ ಸಮಾನವೆಂದಾಗುವುದಿಲ್ಲ. ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ಒಂದೂ ತಪ್ಪು ಬರದ ಯಂತ್ರ, ಓಡಿಸದೆ ಬಿಟ್ಟ ಯಂತ್ರ, ಇವೆರಡರ ನಡುವೆ ನಿಜವಾದ ಅಂತರವಿದೆ. ಒಂದೇ ಒಂದು ತಪ್ಪು ಬಂದರೂ ಆ ಸೆಟ್ಟಿಂಗನ್ನು ಒಪ್ಪಬಾರದು, ಒಪ್ಪಿದ ಸೆಟ್ಟಿಂಗಿಗಿಂತಲೂ ಒಂದು ಮೆಟ್ಟಿಲು ಕೆಳಗೆ ಯಂತ್ರವನ್ನು ನಿಲ್ಲಿಸಬೇಕು, ಬೇಸಿಗೆ ಬಂದಾಗ ಮತ್ತೆ ಪರೀಕ್ಷಿಸಬೇಕು. ಕಾರ್ಡಿನಿಂದ ಕಾಪಿ ಮಾಡುವಾಗ ಚೆಕ್‌ಸಮ್ ಹೋಲಿಸುವ ತಂತ್ರಾಂಶ ಬಳಸಿದರೆ ಮೂಲಕ್ಕೂ ನಕಲಿಗೂ ಒಂದು ಬಿಟ್ಟಿನ ವ್ಯತ್ಯಾಸವಿದ್ದರೂ ಸಿಕ್ಕಿಬೀಳುತ್ತದೆ. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ನಕಲು ಕೂತು, ಹೋಲಿಕೆ ಮುಗಿಯುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು. ಇಷ್ಟು ಮಾಡಿದವನು ಬೇಕಿದ್ದರೆ ವೇಗದ ಪ್ರೊಫೈಲನ್ನೂ ಬಳಸಲಿ. ಅವನ ವೇಗ ಪರೀಕ್ಷೆಗೆ ಒಳಪಟ್ಟ ವೇಗ, ಅದರಲ್ಲಿ ಅಧರ್ಮವೇನಿಲ್ಲ. ಇದನ್ನೆಲ್ಲ ಮಾಡದೆ ಮಾನಕದ ವೇಗದಲ್ಲೇ ಯಂತ್ರ ಓಡಿಸುವವನು ಕೂಡ ಪ್ರಮಾದದಿಂದ ಪಾರಾಗಿಲ್ಲ. ಅವನ ಕಡ್ಡಿಯೂ ದೋಷದ್ದಿರಬಹುದಲ್ಲ? ಆದ್ದರಿಂದ ಪ್ರಶ್ನೆ 2133 ಸರಿಯೋ 3600 ಸರಿಯೋ ಎಂಬಲ್ಲಿಗೆ ನಿಲ್ಲುವುದಿಲ್ಲ, ನೋಡಿ ಕಾಲಿಟ್ಟನೋ ನೋಡದೆ ಇಟ್ಟನೋ ಎಂಬಲ್ಲಿಗೆ ಬರುತ್ತದೆ.

ಈ ವಾದ ಮದುವೆ ವಿಡಿಯೊಗಳಿಗಷ್ಟೇ ಸೀಮಿತವಲ್ಲ. ನಮ್ಮ ಪಹಣಿ, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಸ್ಕ್ಯಾನ್ ಎಲ್ಲವೂ ಈಗ ಸೋರುವ ಕೋಶಗಳನ್ನು ಹಾದು ಹೋಗುತ್ತಿವೆ. ಅವು ಸರಿಯಾಗಿವೆಯೇ ಎಂದು ನೋಡಲು ನಮ್ಮಲ್ಲಿ ಬಹುತೇಕರಿಗೆ ಕಣ್ಣಿಲ್ಲ. ಹಿಂದಿನ ಕಾಲದ ವಂಚನೆಯನ್ನು ತೂಕ ಹಾಕಿ, ಒರೆಗೆ ಹಚ್ಚಿ ಕಂಡುಹಿಡಿಯಬಹುದಿತ್ತು. ಇಂದಿನ ಅಸಡ್ಡೆಯನ್ನು ಕಂಡುಹಿಡಿಯಬಲ್ಲವನು ಯಂತ್ರದ ಮುಂದೆ ಕೂತವನೊಬ್ಬನೇ. ಪರೀಕ್ಷಿಸುವ ಶಕ್ತಿ ಒಬ್ಬನಲ್ಲೇ ಉಳಿದಿರುವಾಗ ಪರೀಕ್ಷಿಸುವ ಕರ್ತವ್ಯವೂ ಪೂರ್ತಿಯಾಗಿ ಅವನ ಮೇಲೆಯೇ ಬರುತ್ತದೆ. ಕೊಟ್ಟವರು ಕೇಳಲಿಲ್ಲ, ಅವರಿಗೆ ಗೊತ್ತಾಗಲಿಲ್ಲ ಎಂಬುದು ಅದನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಕಾಣದ ತಪ್ಪಿಗೆ ಹೊಣೆ, ಅದನ್ನು ಕಾಣಬಹುದಾಗಿದ್ದೂ ನೋಡದೆ ಬಿಟ್ಟವನು.